ಅಡಿಕೆ ತೋಟದೊಳಗೆ ಟಿಲ್ಲರ್ ನೇಗಿಲಿನಲ್ಲಿ ಪೈಪ್‌ಲೈನ್ ಟ್ರೆಂಚ್ ತೆಗೆಯುವುದು ಹೇಗೆ

9 ಅಡಿ ಸಾಲಿನ ಅಡಿಕೆ ತೋಟದೊಳಗೆ ಜೆಸಿಬಿ ನುಗ್ಗಿಸಲು ನನಗೆ ಮನಸ್ಸು ಬರುವುದಿಲ್ಲ. ಗರಿ ಮುರಿಯುತ್ತದೆ, ಬುಡದ ಮೇಲೆ ಚಕ್ರ ಹತ್ತುತ್ತದೆ, ಅರ್ಧ ಅಡಿ ಅಗಲ ಸಾಕಾಗುವ ಕಡೆ ಎರಡು ಅಡಿ ಅಗಲದ ಗುಂಡಿ ಬಿದ್ದಿರುತ್ತದೆ. ಪೂರ್ತಿ ಗುದ್ದಲಿಯಲ್ಲೇ ತೆಗೆಸೋಣ ಅಂದರೆ ಆಳು ಸಿಗಬೇಕಲ್ವಾ? ನಮ್ಮಲ್ಲಿ ಎಷ್ಟೋ ಜನರ ಮನೆ ಮುಂದೆ ಟಿಲ್ಲರ್, ಅಂದರೆ ಹಿಂದೆ ನಡೆದುಕೊಂಡು ಓಡಿಸುವ ಎರಡು ಚಕ್ರದ ಉಳುವ ಯಂತ್ರ, ನಿಂತಿದೆ. ಅದಕ್ಕೆ ನೇಗಿಲು ಕಟ್ಟಿದರೆ ಡ್ರಿಪ್ಪಿನ ಸಬ್‌ಮೇನ್ ಪೈಪ್ (ಮುಖ್ಯ ಪೈಪಿನಿಂದ ಸಾಲುಗಳಿಗೆ ನೀರು ಹಂಚುವ ಪೈಪ್) ಹೂಳುವಷ್ಟು ಟ್ರೆಂಚನ್ನು ಇಬ್ಬರೇ ಸೇರಿ ತೆಗೆಯಬಹುದು. ಚನ್ನಗಿರಿ ಕಡೆಯ ಕೆಂಪು ಮಣ್ಣಿನಲ್ಲಿ ನಾನು ಮಾಡುತ್ತಾ ಬಂದಿರುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಟಿಲ್ಲರ್ ಮಣ್ಣನ್ನು ಸೀಳಿ ಪಕ್ಕಕ್ಕೆ ತಳ್ಳುತ್ತದೆ, ಅಷ್ಟೇ. ಆ ಮಣ್ಣನ್ನು ದೂರ ಎಳೆದು ಹಾಕುವುದು ನಮ್ಮ ಕೆಲಸ. ಇದನ್ನು ಮರೆತು ಸುಮ್ನೆ ಮೇಲಿಂದ ಮೇಲೆ ಹತ್ತು ಸಲ ಓಡಿಸಿದರೂ ಮುಕ್ಕಾಲು ಅಡಿ ದಾಟುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಳ ಎಷ್ಟು ಬೇಕು? ತೋಟದೊಳಗಿನ ಪಿವಿಸಿ ಪೈಪಿಗೆ ಒಂದೂವರೆ ಅಡಿ ಬೇಕು, ಟ್ರ್ಯಾಕ್ಟರ್ ಅಥವಾ ಗಾಡಿ ದಾಟುವ ಕಡೆ ಎರಡು ಅಡಿ. ಅದಕ್ಕಿಂತ ಮೇಲೆ ಹೂತರೆ ಯಾವತ್ತೋ ಒಂದು ದಿನ ಗೊಬ್ಬರದ ಗುಂಡಿ ತೆಗೆಯುವವರ ಹಾರೆ ಪೈಪಿಗೆ ಬೀಳುತ್ತದೆ. ಟಿಲ್ಲರ್ ನೇಗಿಲಿನಲ್ಲಿ ಸಿಗುವುದು ಒಂದು ಅಡಿ, ಮಣ್ಣು ಚೆನ್ನಾಗಿದ್ದರೆ ಒಂದೂ ಕಾಲು ಅಡಿ. ಉಳಿದದ್ದು ಕೈಯಲ್ಲಿ. ಆದರೆ ಗಟ್ಟಿಯಾದ, ಬೇರು ಹೆಣೆದುಕೊಂಡ ಮೇಲಿನ ಪದರವನ್ನು ಯಂತ್ರ ತೆಗೆದುಕೊಟ್ಟಿರುತ್ತದೆ, ಹಾಗಾಗಿ ಕೆಳಗಿನ ಅರ್ಧ ಅಡಿ ಕಷ್ಟ ಅನಿಸುವುದಿಲ್ಲ. ತೋಟದ ಹೆಚ್ಚಿನ ನೀರು ಬಸಿದುಹೋಗಲು ತೆಗೆಯುವ ಬಸಿಗಾಲುವೆ ಲೆಕ್ಕ ಬೇರೆ. ಅದಕ್ಕೆ ಎರಡೂವರೆ, ಮೂರು ಅಡಿ ಆಳ ಬೇಕಾಗುತ್ತದೆ, ಅಲ್ಲಿ ಟಿಲ್ಲರನ್ನು ನಂಬಿ ಕೂರಬೇಡಿ.

ಈಗ ಮಣ್ಣಿನ ಹದ. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಬೇಸಿಗೆಯ ಗಟ್ಟಿ ನೆಲಕ್ಕೆ ನೇಗಿಲು ಹಾಕಿದರೆ ಗುಳ, ಅಂದರೆ ನೇಗಿಲಿನ ಕಬ್ಬಿಣದ ಮೊನೆ, ಮೇಲೆಯೇ ಜಾರುತ್ತದೆ, ಇಲ್ಲದಿದ್ದರೆ ಹೆಂಟೆ ಹೆಂಟೆಯಾಗಿ ಎದ್ದು ಟ್ರೆಂಚಿನ ಅಂಚು ಒಡೆದುಹೋಗುತ್ತದೆ. ಒದ್ದೆ ಜಾಸ್ತಿ ಇದ್ದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ನಾನು ಮಾಡುವುದು ಇಷ್ಟು: ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಉಂಡೆಯಾದರೆ ಸೊಂಟದ ಎತ್ತರದಿಂದ ನೆಲಕ್ಕೆ ಬಿಡುತ್ತೇನೆ. ಪುಡಿಪುಡಿಯಾಗಿ ಹರಡಿದರೆ ಹದ ಬಂದಿದೆ. ಚಪ್ಪಟೆಯಾಗಿ ಕೂತರೆ ಇನ್ನೆರಡು ದಿನ ಕಾಯಬೇಕು. ಉಂಡೆಯೇ ಆಗದಿದ್ದರೆ ಒಣಗಿದೆ, ಹಿಂದಿನ ದಿನ ಆ ಸಾಲಿಗೆ ನೀರು ಬಿಟ್ಟು ಮರುದಿನ ನೋಡಬೇಕು. ಸ್ವಾತಿ ಮಳೆ ಮುಗಿದು ನಾಲ್ಕೈದು ದಿನ ಬಿಸಿಲು ಬಿದ್ದ ಮೇಲೆ ನಮ್ಮ ಕಡೆ ಒಳ್ಳೆ ಹದ ಸಿಗುತ್ತದೆ. ಬೇಸಿಗೆ ನೀರು ಶುರುವಾಗುವ ಮುಂಚೆ ಪೈಪ್ ಕೆಲಸವೂ ಮುಗಿದಿರುತ್ತದೆ.

ಗುರುತು ಹಾಕುವಾಗ ಎರಡು ಸಾಲಿನ ಸರಿಯಾದ ನಡು ಹಿಡಿಯಿರಿ. ಅಡಿಕೆಗೆ ತಾಯಿಬೇರಿಲ್ಲ, ಇರುವುದೆಲ್ಲ ತಂತುಬೇರು, ಅದರಲ್ಲಿ ಹೆಚ್ಚಿನದು ಬುಡದಿಂದ ಎರಡು, ಎರಡೂವರೆ ಅಡಿಯೊಳಗೇ ಹರಡಿರುತ್ತದೆ. 9 ಅಡಿ ಸಾಲಿನ ನಡು ಅಂದರೆ ಬುಡದಿಂದ ನಾಲ್ಕೂವರೆ ಅಡಿ, ಅಲ್ಲಿ ನೇಗಿಲು ಹೋದರೆ ಮರಕ್ಕೆ ಅಷ್ಟೇನೂ ಪೆಟ್ಟಾಗುವುದಿಲ್ಲ. ಎರಡು ಅಡಿ ಆಚೀಚೆ ಸರಿದರೆ ಬೇರು ಕಡಿಯುತ್ತಾ ಹೋಗುತ್ತೀರಿ, ಅದು ಗೊತ್ತಾಗುವುದು ಮುಂದಿನ ವರ್ಷದ ಗೊನೆ ನೋಡಿದಾಗ. ಆದ್ದರಿಂದ ಎರಡು ಕಡೆ ಗೂಟ ಹೊಡೆದು ಹಗ್ಗ ಬಿಗಿದು, ಹಗ್ಗದ ಮೇಲೆ ಸುಣ್ಣದ ಪುಡಿ ಉದುರಿಸಿ, ಆಮೇಲೆ ಹಗ್ಗ ತೆಗೆಯಿರಿ. ಹಗ್ಗ ಬಿಟ್ಟುಕೊಂಡೇ ಉಳಬೇಡಿ, ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ.

ಹಳೇ ಪೈಪು, ಬೋರ್‌ವೆಲ್ ಕೇಬಲ್ ಎಲ್ಲಿ ಹೋಗಿದೆ ಅಂತ ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ನಾನು ಒಂದು ಸಲ ಕೇಳದೆ ಶುರು ಮಾಡಿದೆ. ಹದಿನೈದು ಮಾರು ಹೋಗುವಷ್ಟರಲ್ಲಿ ಗುಳಕ್ಕೆ ಮೆತ್ತಗೆ ಏನೋ ಸಿಕ್ಕಂತಾಯಿತು, ಕ್ಲಚ್ ಹಿಡಿದು ಬಗ್ಗಿ ನೋಡಿದರೆ ಪಂಪಿನ ಕೇಬಲ್‌ನ ಮೇಲಿನ ಕಪ್ಪು ರಬ್ಬರ್ ಸೀಳಿತ್ತು. ಆವತ್ತು ಕರೆಂಟ್ ಇರಲಿಲ್ಲ. ಅಂದಿನಿಂದ ಸ್ಟಾರ್ಟರಿನ ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಂಡ ಮೇಲೆಯೇ ತೋಟದಲ್ಲಿ ನೇಗಿಲು ಇಳಿಸುವುದು. ನೀವೂ ಹಾಗೇ ಮಾಡಿ.

ಯಂತ್ರದ ಕಡೆಗೆ ಬರೋಣ. ನಮ್ಮ ಕಡೆ ಹೆಚ್ಚಾಗಿ ಇರುವುದು ವಿಎಸ್‌ಟಿ ಶಕ್ತಿ 130 ಡಿಐ, ಅಲ್ಲೊಂದು ಇಲ್ಲೊಂದು ಕೇರಳದ ಕ್ಯಾಮ್ಕೊ. 12, 13 ಎಚ್‌ಪಿ ಡೀಸೆಲ್ ಟಿಲ್ಲರ್ ಯಾವುದಾದರೂ ಈ ಕೆಲಸಕ್ಕೆ ಆಗುತ್ತದೆ. ಐದು, ಏಳು ಎಚ್‌ಪಿಯ ಪೆಟ್ರೋಲ್ ವೀಡರ್‌ಗಳಿಗೂ (ಕಳೆ ತೆಗೆಯುವ ಸಣ್ಣ ಯಂತ್ರ) ಸಣ್ಣ ರಿಡ್ಜರ್ ನೇಗಿಲು ಸಿಗುತ್ತದೆ, ಆದರೆ ಅವುಗಳಿಗೆ ತೂಕ ಇಲ್ಲ, ನಾಲ್ಕೈದು ಇಂಚಿಗಿಂತ ಕೆಳಗೆ ಎಳೆಯಲಾಗದೆ ಕುಣಿಯುತ್ತವೆ. ಸ್ವಂತ ಟಿಲ್ಲರ್ ಇಲ್ಲದವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ ನೋಡಬಹುದು.

ಮೊದಲು ಟಿಲ್ಲರಿನ ಹಿಂದಿರುವ, ಮಣ್ಣು ಕೊಚ್ಚುವ ರೋಟರಿ ಬಿಚ್ಚಬೇಕು. ಇಬ್ಬರಿಲ್ಲದೆ ಕೈ ಹಾಕಬೇಡಿ, ಅದು ಭಾರದ ಸಾಮಾನು. ಬಿಚ್ಚಿದ ಕೂಡಲೇ ಇಂಜಿನ್ ಭಾರಕ್ಕೆ ಟಿಲ್ಲರ್ ಮೂತಿ ಕೆಳಗೆ ಮಾಡಿ ಬೀಳುತ್ತದೆ, ಹಾಗಾಗಿ ಮೊದಲೇ ಮುಂದಿನ ಸ್ಟ್ಯಾಂಡ್ ಇಳಿಸಿ. ಆಮೇಲೆ ಹಿಂದಿನ ಹಿಚ್‌ಗೆ (ಸಲಕರಣೆ ಕಟ್ಟುವ ಕೊಂಡಿಗೆ) ನೇಗಿಲು ಸೇರಿಸಿ ಪಿನ್ ಹಾಕಿ, ಪಿನ್ನಿಗೆ ಕ್ಲಿಪ್ ಹಾಕಿ.

ಯಾವ ನೇಗಿಲು? ಎರಡೂ ಕಡೆ ಮಣ್ಣು ತಳ್ಳುವ ರಿಡ್ಜರ್, ಅಂದರೆ ಕಬ್ಬಿಗೆ ಬೋದು ಎತ್ತುವಂಥದ್ದು, ಇದ್ದರೆ ಕೆಲಸ ಸಲೀಸು. ಅದಿಲ್ಲದೆ ಒಂದೇ ಕಡೆ ಮಗುಚುವ ರೆಕ್ಕೆ ನೇಗಿಲಿದ್ದರೂ ಆಗುತ್ತದೆ. ಹೋಗುವಾಗ ಬಲಕ್ಕೆ ಮಣ್ಣು ಬೀಳುತ್ತದೆ, ಅದೇ ಸಾಲಿನಲ್ಲಿ ತಿರುಗಿ ಬರುವಾಗ ಈ ಕಡೆಗೆ ಬೀಳುತ್ತದೆ, ನಡುವೆ ಗುಂಡಿ ಉಳಿಯುತ್ತದೆ. ಗುಳ ಮೊಂಡಾಗಿದ್ದರೆ ಮೊದಲು ಕಮ್ಮಾರರ ಹತ್ತಿರ ಮೊನೆ ಬಡಿಸಿಕೊಂಡು ಬನ್ನಿ. ಮೊಂಡು ಗುಳದಲ್ಲಿ ಟ್ರೆಂಚ್ ತೆಗೆಯಲು ಹೋದರೆ ಡೀಸೆಲ್ಲೂ ದಂಡ, ಸೊಂಟಕ್ಕೂ ನೋವು.

ಚಕ್ರಗಳನ್ನು ಆಕ್ಸಲ್ ಮೇಲೆ ಹೊರಗೆ ಸರಿಸಲು ಆಗುವ ಟಿಲ್ಲರ್ ಆದರೆ ಎಷ್ಟು ಸಾಧ್ಯವೋ ಅಷ್ಟು ಅಗಲ ಮಾಡಿ. ಟ್ರೆಂಚ್ ನಡುವೆ ಇರುತ್ತದೆ, ಚಕ್ರಗಳು ಅದರ ಆಚೆ ಈಚೆ ಓಡಬೇಕು. ಒಂದು ಚಕ್ರ ಟ್ರೆಂಚಿನೊಳಗೆ ಇಳಿದರೆ ಟಿಲ್ಲರ್ ವಾಲುತ್ತದೆ, ನೇಗಿಲು ಓರೆಯಾಗುತ್ತದೆ, ಗುಂಡಿ ಆಳವಾಗುವ ಬದಲು ಅಗಲವಾಗುತ್ತದೆ.

ಮೊದಲನೇ ಸಲ ನಾಲ್ಕು ಇಂಚು ಸಾಕು. ಲೋ ಒಂದನೇ ಗೇರ್, ಆಕ್ಸಿಲರೇಟರ್ ಅರ್ಧಕ್ಕಿಂತ ಸ್ವಲ್ಪ ಮೇಲೆ. ಕಣ್ಣು ಸುಣ್ಣದ ಗೆರೆಯ ಮೇಲೆ, ಹತ್ತು ಹದಿನೈದು ಅಡಿ ಮುಂದೆ ಇರಲಿ. ಗುಳವನ್ನೇ ನೋಡುತ್ತಾ ನಡೆದರೆ ಸಾಲು ಹಾವಿನಂತಾಗುತ್ತದೆ. ಈ ಮೊದಲ ಸಾಲು ನೇರ ಬಂದರೆ ಮುಂದಿನದೆಲ್ಲ ಅದರೊಳಗೇ ಕೂತು ಹೋಗುತ್ತದೆ, ಸೊಟ್ಟ ಬಂದರೆ ಕೊನೆವರೆಗೂ ಸೊಟ್ಟವೇ. ಹ್ಯಾಂಡಲ್ ಒತ್ತಿದರೆ ನೇಗಿಲು ಕೆಳಗೆ ಹೋಗುತ್ತದೆ, ಎತ್ತಿದರೆ ಮೇಲೆ ಬರುತ್ತದೆ. ಆದರೆ ಇಡೀ ದಿನ ಒತ್ತಿಕೊಂಡು ನಡೆಯಲು ಆಗುವುದಿಲ್ಲ, ನೇಗಿಲಿನ ಬೋಲ್ಟ್ ತಿರುಗಿಸಿ ಗುಳದ ಮೂತಿಯ ಓರೆಯನ್ನೇ ಸರಿ ಮಾಡಿಕೊಳ್ಳಬೇಕು. ಗುಳದ ಮೂತಿ ಜಾಸ್ತಿ ಕೆಳಗಾದರೆ ನೇಗಿಲು ಹೂತುಕೊಳ್ಳುತ್ತದೆ, ಇಂಜಿನ್ ದನಿ ದಪ್ಪಗಾಗಿ ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬರುತ್ತದೆ. ಕಡಿಮೆಯಾದರೆ ನೆಲ ಕೆರೆದುಕೊಂಡು ಹೋಗುತ್ತದೆ. ಎರಡರ ನಡುವೆ ಒಂದು ಜಾಗ ಇದೆ, ಅಲ್ಲಿ ಟಿಲ್ಲರ್ ತಾನಾಗಿ ಎಳೆದುಕೊಂಡು ಹೋಗುತ್ತದೆ, ನಿಮ್ಮ ಕೈ ಸುಮ್ನೆ ಹ್ಯಾಂಡಲ್ ಮೇಲೆ ಇರುತ್ತದೆ. ಇಪ್ಪತ್ತು ಅಡಿ ಓಡಿಸಿ, ನಿಲ್ಲಿಸಿ, ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಓಡಿಸಿ ನೋಡಿ. ಸಿಗುತ್ತದೆ.

ಈಗ ಮುಂಚೆ ಹೇಳಿದ ವಿಷಯ. ಮೊದಲ ಸಾಲಿನ ಮಣ್ಣು ಎರಡೂ ಕಡೆ ನಾಲ್ಕು ಇಂಚು ಎತ್ತರದ ದಿಬ್ಬವಾಗಿ ಬಿದ್ದಿರುತ್ತದೆ. ಅದು ಬಿದ್ದಿರುವುದು ಸರಿಯಾಗಿ ಚಕ್ರ ಓಡುವ ಜಾಗದಲ್ಲಿ. ಹಾಗೇ ಎರಡನೇ ಸಲ ಹೋದರೆ ಚಕ್ರ ಆ ದಿಬ್ಬದ ಮೇಲೆ ಹತ್ತುತ್ತದೆ, ಚಕ್ರ ಎತ್ತರಕ್ಕೆ ಹೋದಷ್ಟೂ ನೇಗಿಲೂ ಮೇಲೆ ಬರುತ್ತದೆ, ಗುಳ ಹಳೇ ಆಳವನ್ನೇ ಮುಟ್ಟಿ ವಾಪಸ್ಸು ಬರುತ್ತದೆ. ಮೊದಮೊದಲು ನನಗಿದು ಹೊಳೆಯಲಿಲ್ಲ, ನೇಗಿಲಿನದೇ ದೋಷ ಅಂದುಕೊಂಡು ಅರ್ಧ ದಿನ ಬೋಲ್ಟ್ ತಿರುಗಿಸುತ್ತಾ ಕೂತಿದ್ದೆ. ಮಾಡಬೇಕಾದದ್ದು ಏನೆಂದರೆ, ಒಬ್ಬರು ಓಡಿಸುತ್ತಾ ಹೋದಂತೆ ಇನ್ನೊಬ್ಬರು ಹಿಂದಿನಿಂದ ದೂರ ಬಿಟ್ಟುಕೊಂಡು ಗುದ್ದಲಿಯಲ್ಲಿ ಆ ದಿಬ್ಬವನ್ನು ಚಕ್ರದ ದಾರಿಯಿಂದ ಆಚೆಗೆ ಎಳೆಯಬೇಕು. ಟ್ರೆಂಚಿನೊಳಗೆ ಉದುರಿದ ಸಡಿಲ ಮಣ್ಣನ್ನೂ ಸಲಿಕೆಯಲ್ಲಿ ಎತ್ತಬೇಕು. ಆಮೇಲೆ ಎರಡನೇ ಸಲ, ಮತ್ತೆ ಮೂರು ನಾಲ್ಕು ಇಂಚು. ಮತ್ತೆ ಎಳೆಯಿರಿ, ಮತ್ತೆ ಓಡಿಸಿ. ಮೂರು ಸಲಕ್ಕೆ ಒಂದು ಅಡಿ ಹತ್ತಿರ ಬರುತ್ತದೆ.

ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಕೆಳಗೆ ಹೋದರೆ ನೇಗಿಲು ಹಿಡಿದಿರುವ ಪಟ್ಟಿ ನೆಲಕ್ಕೆ ಉಜ್ಜಲು ಶುರುವಾಗುತ್ತದೆ, ಚಕ್ರದ ಭಾರಕ್ಕೆ ಅಂಚು ಕುಸಿಯುತ್ತದೆ. ಉಳಿದ ಆಳವನ್ನು ಪಿಕಾಸಿ, ಸಲಿಕೆಯಲ್ಲಿ ತೆಗೆಯಿರಿ.

ಅಪಾಯದ ವಿಷಯ ಎರಡಿವೆ, ನಿಧಾನವಾಗಿ ಓದಿ. ಒಂದು, ಇಳಿಜಾರು. ಹ್ಯಾಂಡಲಿನ ಎರಡೂ ಕಡೆ ಇರುವ ಸ್ಟೇರಿಂಗ್ ಕ್ಲಚ್ ಆಯಾ ಕಡೆಯ ಚಕ್ರವನ್ನು ಇಂಜಿನ್‌ನಿಂದ ಬಿಡಿಸುತ್ತದೆ. ಸಮ ನೆಲದಲ್ಲಿ ಎಡಗಡೆಯದನ್ನು ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಇಳಿಯುವಾಗ ಅದೇ ಎಡ ಕ್ಲಚ್ ಹಿಡಿದರೆ ಬಲಕ್ಕೆ ತಿರುಗುತ್ತದೆ. ಕ್ಲಚ್ ಹಿಡಿದ ಕಡೆಯ ಚಕ್ರ ಇಂಜಿನ್ ಹಿಡಿತ ತಪ್ಪಿ ಜೋರಾಗಿ ಉರುಳುವುದರಿಂದ ಹೀಗಾಗುತ್ತದೆ. ನೇಗಿಲು ನೆಲದಲ್ಲಿದ್ದಾಗ ಅದೇ ಬ್ರೇಕ್ ಥರ ಹಿಡಿದುಕೊಂಡಿರುತ್ತದೆ, ಆದರೆ ಸಾಲಿನ ಕೊನೆಯಲ್ಲಿ ಎತ್ತಿದ ಕೂಡಲೇ ಯಂತ್ರ ಓಡುತ್ತದೆ. ಕೆರೆ ಕಡೆಗೆ ಇಳಿಯುವ ನಮ್ಮ ತೋಟದ ತಗ್ಗಿನಲ್ಲಿ ನನಗೆ ಹೀಗೇ ಆಗಿ, ತಪ್ಪಿಸಬೇಕಿದ್ದ ಮರಕ್ಕೇ ಹೋಗಿ ಗುದ್ದಿತು. ಇಳಿಜಾರಿನಲ್ಲಿ ಸ್ಟೇರಿಂಗ್ ಕ್ಲಚ್ ಮುಟ್ಟದೆ ಹ್ಯಾಂಡಲ್ ಬಲದಿಂದಲೇ ತಿರುಗಿಸಿ, ಆಗದಿದ್ದರೆ ಮೇನ್ ಕ್ಲಚ್ ಎಳೆದು ನಿಲ್ಲಿಸಿ.

ಎರಡನೆಯದು ರಿವರ್ಸ್. ಬೆನ್ನ ಹಿಂದೆ ಮರ ಇದೆಯಾ ಅಂತ ನೋಡದೆ ರಿವರ್ಸ್ ಗೇರ್ ಹಾಕಬೇಡಿ. ಹಿಂದೆ ಬರುವ ಟಿಲ್ಲರ್ ಹ್ಯಾಂಡಲ್ ಮತ್ತು ಮರದ ನಡುವೆ ಎದೆ ಸಿಕ್ಕಿಕೊಂಡರೆ ಕೈ ಕ್ಲಚ್‌ವರೆಗೆ ಹೋಗುವುದಿಲ್ಲ. ಅಡಿಕೆ ಸಾಲಿನಲ್ಲಿ ಈ ಭಯ ಯಾವಾಗಲೂ ಇದೆ. ಸಾಲಿನ ಕೊನೆಯಲ್ಲಿ ಹತ್ತು ಅಡಿ ಖಾಲಿ ಜಾಗ ಇಟ್ಟುಕೊಂಡರೆ ರಿವರ್ಸ್ ಬೇಕಾಗುವುದೇ ಇಲ್ಲ. ಪಂಚೆ, ಟವಲ್ ಬೇಡ, ಪ್ಯಾಂಟ್ ಮತ್ತು ಬೂಟು ಹಾಕಿಕೊಳ್ಳಿ. ಬೆಲ್ಟಿನ ಕವರ್ ಬಿಚ್ಚಿ ಮೂಲೆಗೆ ಎಸೆದಿದ್ದರೆ ಹುಡುಕಿ ತಂದು ಹಾಕಿ.

ಪೈಪ್ ಇಡುವುದು ಬೇಗ ಮುಗಿಯುವ ಕೆಲಸ. ತಳದಲ್ಲಿ ಚೂಪು ಕಲ್ಲು ಇದ್ದರೆ ಆರಿಸಿ, ಎರಡು ಇಂಚು ನುಣ್ಣನೆ ಮಣ್ಣು ಹಾಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಬಿದ್ದಿದ್ದ ಪಿವಿಸಿ ಪೈಪನ್ನು ಹಾಗೇ ಜೋಡಿಸಿ ಮುಚ್ಚಬೇಡಿ. 100 ಮೀಟರ್ ಲೈನು 15 ಡಿಗ್ರಿ ತಣ್ಣಗಾದರೆ ಸುಮಾರು 10 ಸೆಂಟಿಮೀಟರ್ ಕುಗ್ಗುತ್ತದೆ, ಆ ಎಳೆತವೆಲ್ಲ ಬೀಳುವುದು ಜಾಯಿಂಟಿನ ಮೇಲೆ. ಮುಚ್ಚುವುದನ್ನು ಬೆಳಗಿನ ತಂಪಿನಲ್ಲಿ ಮಾಡಿ. ಅದಕ್ಕೂ ಮುಂಚೆ ಪೈಪಿನ ನಡು ಭಾಗಕ್ಕೆ ಮಾತ್ರ ಸ್ವಲ್ಪ ಮಣ್ಣು ಹಾಕಿ, ಜಾಯಿಂಟುಗಳನ್ನು ತೆರೆದಿಟ್ಟು, ಕೊನೆಯ ಫ್ಲಶ್ ವಾಲ್ವ್ ಬಿಚ್ಚಿ ನೀರು ಬಿಡಿ. ಒಳಗಿನ ಮಣ್ಣೆಲ್ಲ ಹೊರಗೆ ಬಂದ ಮೇಲೆ ವಾಲ್ವ್ ಮುಚ್ಚಿ ಅರ್ಧ ಗಂಟೆ ಪಂಪ್ ಓಡಿಸಿ, ಪ್ರತಿ ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಿ.

ಮುಚ್ಚಲು ರೆಕ್ಕೆ ನೇಗಿಲು ಮತ್ತೆ ಉಪಯೋಗಕ್ಕೆ ಬರುತ್ತದೆ. ಮೊದಲ ಅರ್ಧ ಅಡಿ ಕೈಯಲ್ಲೇ ಮುಚ್ಚಿ ತುಳಿಯಿರಿ, ಆಮೇಲೆ ದಿಬ್ಬದ ಹೊರಗಡೆಯಿಂದ ಟಿಲ್ಲರ್ ಓಡಿಸಿದರೆ ಮಣ್ಣು ತಾನಾಗಿ ಟ್ರೆಂಚಿಗೆ ಮಗುಚಿಕೊಳ್ಳುತ್ತದೆ. ನೆಲಕ್ಕೆ ಸಮ ಮಾಡಬೇಡಿ, ನಾಲ್ಕು ಇಂಚು ಎತ್ತರ ಬಿಡಿ, ಒಂದು ಮಳೆಗೆ ಕೂತು ಸರಿಹೋಗುತ್ತದೆ. ಮುಚ್ಚುವ ಮೊದಲು ಮಾತ್ರ ಫೋನಿನಲ್ಲಿ ಪ್ರತಿ ತಿರುವು, ಪ್ರತಿ ಟೀ ಜಾಯಿಂಟಿನ ಫೋಟೋ ತೆಗೆದುಕೊಳ್ಳಿ. ಪಕ್ಕದ ಮರ ಸಾಲಿನಲ್ಲಿ ಎಷ್ಟನೆಯದು, ಅದರ ಬುಡದಿಂದ ಪೈಪು ಎಷ್ಟು ಅಡಿ ಅಂತ ಡೈರಿಯಲ್ಲಿ ಬರೆದಿಡಿ. ಇನ್ನು ಹತ್ತು ವರ್ಷಕ್ಕೆ ನಿಮ್ಮ ಮಗನೋ ಮಗಳೋ ಅದೇ ಸಾಲಿನಲ್ಲಿ ನೇಗಿಲು ಇಳಿಸುವಾಗ ಆ ಡೈರಿ ಬೇಕಾಗುತ್ತದೆ.