ಸೆವಿಲ್‌ನಲ್ಲಿ ಒಂದು ದಿನ: ಚಪ್ಪಾಳೆಗೆ ಆತುರ ಬೇಡ

ಸ್ಪೇನಿನ ಸೆವಿಲ್‌ಗೆ ಹೋದ ನಮ್ಮವರು ಮಾಡುವ ಎಡವಟ್ಟು ಹೆಚ್ಚುಕಡಿಮೆ ಒಂದೇ. ಮಟಮಟ ಮಧ್ಯಾಹ್ನ ಊರು ಸುತ್ತುತ್ತಾರೆ. ಸಂಜೆ ಆರಕ್ಕೇ ಊಟ ಹುಡುಕುತ್ತಾರೆ. ಅಲ್ಲಿನ ಹಾಡು-ಗಿಟಾರ್-ಕುಣಿತದ ಕಲೆ ಫ್ಲಮೆಂಕೊ ಶುರುವಾಗುವ ಹೊತ್ತಿಗೆ ತೂಕಡಿಸುತ್ತಾರೆ.

1. ಬೆಳಿಗ್ಗೆ ಅರಮನೆ, ಗೋಪುರ

ಅಲ್ಕಾಸರ್ ಅರಮನೆಗೆ ಬಾಗಿಲು ತೆರೆಯುವ ಹೊತ್ತಿನ ಟಿಕೆಟನ್ನೇ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಿ. ಹತ್ತಿರದ ಕೆಥೆಡ್ರಲ್‌ನಲ್ಲಿ ಕೊಲಂಬಸ್ ಸಮಾಧಿ ಇದೆ. ಅದರ ಹಿರಾಲ್ಡಾ ಗೋಪುರ 12ನೇ ಶತಮಾನದಲ್ಲಿ ಮಸೀದಿಯ ಮಿನಾರ್ ಆಗಿತ್ತು. ಒಳಗೆ 35 ಇಳಿಜಾರು ದಾರಿ, ಮೆಟ್ಟಿಲು ಕೊನೆಗೆ ಒಂದಿಷ್ಟು ಮಾತ್ರ. ಮಂಡಿನೋವಿನವರೂ ನಿಧಾನಕ್ಕೆ ಹತ್ತಬಹುದು. ಬೀದಿ ಮರದ ಕಿತ್ತಳೆ ಕಿತ್ತು ಬಾಯಿಗಿಡಬೇಡಿ, ಕಹಿ.

2. ಮಧ್ಯಾಹ್ನ ಮಲಗಿ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ.

3. ಸಂಜೆ ಫ್ಲಮೆಂಕೊ

ಎಡವುವುದು ಇಲ್ಲೇ. ಊಟ, ಕುಣಿತ ಎರಡೂ ಸೇರಿದ ಪ್ಯಾಕೇಜ್ ಬೇಡವೇ ಬೇಡ. ಚಮಚದ ಸದ್ದಿನಲ್ಲಿ ಹಾಡು ಹೋಗುತ್ತದೆ. ಮೈಕ್ ಇಲ್ಲದ ಪುಟ್ಟ ಕೋಣೆ ಹುಡುಕಿ, ಬೇಗ ಹೋಗಿ, ಪಕ್ಕದ ಸಾಲಾದರೂ ಸರಿ, ಪಾದ ಕಾಣುವಲ್ಲಿ ಕೂರಿ. ಪಾದ ಕಾಣದ ಸೀಟು ದಂಡ.

ಮೊದಲು ಹಾಡುಗಾರ ಒಬ್ಬನೇ "ಆಯ್" ಅಂತ ಎಳೆಯುತ್ತಾನೆ. ಎಲ್ಲರೂ ಫೋನ್ ನೋಡುವುದು ಆಗಲೇ. ನೋಡಬೇಡಿ, ಕುಣಿತ ಹುಟ್ಟುವುದೇ ಆ ಹಾಡಿನಿಂದ.

ಮುಖ್ಯವಾದದ್ದು ಚಪ್ಪಾಳೆ. ಅಲ್ಲಿ ಅದು ಒಂದು ವಾದ್ಯ. ಅಂಗೈ ಗುಳಿ ಮಾಡಿ ಮಂದವಾಗಿ, ಬೆರಳಿಂದ ಅಂಗೈಗೆ ಚುರುಕಾಗಿ, ಎರಡು ಬಗೆ. ನಾನು ಹೋದಾಗ ನಮ್ಮ ಗುಂಪಿನ ಅಂಕಲ್ ಒಬ್ಬರು ಭಜನೆಗೆ ತಟ್ಟುವ ಹಾಗೆ ಒಂದು-ಎರಡು, ಒಂದು-ಎರಡು ಅಂತ ಶುರು ಮಾಡಿದರು. ಗಿಟಾರಿನವನ ಹುಬ್ಬು ಮೇಲೇರಿತು, ನಾನು ಅವರ ಕೈ ಹಿಡಿದುಕೊಂಡೆ.

ಫ್ಲಮೆಂಕೊದಲ್ಲೇ 'ಸೊಲೆಯಾ' ಅನ್ನುವ ಹಾಡಿನ ಬಗೆಯಲ್ಲಿ ತಾಳದ ಒಂದು ಸುತ್ತಿಗೆ 12 ಎಣಿಕೆ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಅಂದರೆ ಮೂರು, ಮೂರು, ಎರಡು, ಎರಡು, ಎರಡು. ತಾಳ ಹಾಕಿ ಬೆಳೆದವರಿಗೆ ಕಷ್ಟವಲ್ಲ ಅಲ್ವಾ? ತೊಡೆಯ ಮೇಲೆ ಬೆರಳಲ್ಲಿ, ಸದ್ದಿಲ್ಲದೆ ಹಾಕಿಕೊಳ್ಳಿ. ಮೆಚ್ಚಿಗೆಯಾದರೆ ಸಾಲು ಮುಗಿದ ಕಡೆ ಮೆಲ್ಲಗೆ "ಒಲೇ" ಅನ್ನಿ. ಆಟ ಮುಗಿದ ಮೇಲೆ ಎಷ್ಟು ಬೇಕಾದರೂ ತಟ್ಟಿ.

ಹೊರಗೆ ಮಾರುವ, ಕೈಯಲ್ಲಿ ಟಕಟಕ ಬಡಿಯುವ ಪ್ಲಾಸ್ಟಿಕ್ ಕಾಸ್ಟನೆಟ್‌ಗೆ ದುಡ್ಡು ಹಾಕಬೇಡಿ. ಒಂದೇ ದಿನಕ್ಕೆ ದಾರ ಕಿತ್ತುಬರುತ್ತದೆ.

4. ರಾತ್ರಿ ತಪಾಸ್

ತಪಾಸ್ ಅಂದರೆ ಪುಟ್ಟ ತಟ್ಟೆಯ ತಿನಿಸು. ಅದಕ್ಕೆ ಸೇತುವೆ ದಾಟಿ ತ್ರಿಯಾನಾ ಬಡಾವಣೆಗೆ ಹೋಗಿ. ಬೋರ್ಡ್ ಮೇಲೆ ಪಾಯೆಯಾ ಫೋಟೊ ಅಂಟಿಸಿದ ಹೋಟೆಲ್ ಬಿಟ್ಟು ಮುಂದೆ ನಡೆಯಿರಿ. ಪಾಯೆಯಾ ವೆಲೆನ್ಸಿಯಾ ಕಡೆಯ ಅನ್ನದ ಅಡುಗೆ, ಇಂಥ ಕಡೆ ಬಹುಪಾಲು ಫ್ರೀಜರ್‌ನದು. ಸಸ್ಯಾಹಾರಿ ಅಂದರಷ್ಟೇ ಸಾಲದು, ಸಲಾಡಿನಲ್ಲಿ ಟ್ಯೂನಾ ಮೀನು ಬಂದೀತು. "ಸಿನ್ ಹಾಮೊನ್, ಸಿನ್ ಅತುನ್" ಅನ್ನಿ: ಹಂದಿಮಾಂಸ ಬೇಡ, ಟ್ಯೂನಾ ಬೇಡ. ತಣ್ಣನೆಯ ಟೊಮೆಟೊ ಸೂಪ್ ಸಾಲ್ಮೊರೆಹೊಗೂ ಇದೇ ಮಾತು. ಪಾಲಕ್-ಕಾಬೂಲಿ ಕಡಲೆಯ 'ಎಸ್ಪಿನಾಕಾಸ್' ಮಾತ್ರ ಬಿಡಬೇಡಿ. ಜೀರಿಗೆ ಘಮಕ್ಕೆ ಮನೆ ಪಲ್ಯ ನೆನಪಾಗುತ್ತದೆ.

ಹಳೇ ಬಾರ್‌ಗಳಲ್ಲಿ ನಿಮ್ಮ ಲೆಕ್ಕವನ್ನು ಮರದ ಕಟ್ಟೆಯ ಮೇಲೇ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮೊಣಕೈ ಊರುವ ಮುಂಚೆ ನೋಡಿಕೊಳ್ಳಿ. ನನ್ನ ಲೆಕ್ಕ ಅರ್ಧ ಅಂಗಿ ತೋಳಿಗೆ ಹತ್ತಿ, ಆ ಮನುಷ್ಯ ನಗುತ್ತಾ ಮತ್ತೆ ಮೊದಲಿಂದ ಬರೆದ.