ಸಿಇಟಿಯಲ್ಲಿ ಮೂರು ಅಂಕ ಕಡಿಮೆ ಬಂದರೆ ಸೀಟು ಹೋದಂತೆಯೇ? ಹೀಗೆ ಲೆಕ್ಕ ಹಾಕಿ

ಗೆಳೆಯನಿಗೆ 90, ನನಗೆ 87. ಸಿಇಟಿ ಫಲಿತಾಂಶ ಬಂದ ದಿನ ಕಲಬುರಗಿಯ ಎಷ್ಟೋ ಮನೆಗಳಲ್ಲಿ ಇದೇ ಮಾತು. ಮೂರು ಅಂಕಕ್ಕಾಗಿ ಮಕ್ಕಳು ಊಟ ಬಿಟ್ಟು ಕೂರುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಮೊದಲು ಒಂದು ಹಾಳೆ, ಪೆನ್ನು ತಗೊಳ್ಳಿ.

ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಸಿಇಟಿಯದ್ದು ಅರ್ಧ ಪಾಲು, ಪಿಯುಸಿಯದ್ದು ಇನ್ನರ್ಧ. ಸಿಇಟಿಯ 180 ಅಂಕವನ್ನು 50ಕ್ಕೆ ಇಳಿಸುತ್ತಾರೆ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದ 300 ಅಂಕವನ್ನೂ 50ಕ್ಕೇ ಇಳಿಸುತ್ತಾರೆ. ಹಾಗಾಗಿ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಗೆಳೆಯನಿಗೆ ಪಿಯುಸಿಯಲ್ಲಿ 255 ಬಂದಿದ್ದು ನಿಮಗೆ 260 ಇದ್ದರೆ ಇಬ್ಬರದ್ದೂ 67.5! ಸಿಇಟಿ ಅಂಕ ಮಾತ್ರ ಹೋಲಿಸಿ ಅತ್ತಿದ್ದು ಸುಮ್ನೆ, ಅಲ್ವಾ?

ಇನ್ನು ರ್‍ಯಾಂಕ್. ತೀರಾ ಮೇಲೆ ಮಕ್ಕಳು ವಿರಳ. ನಡುವೆ ಮಾತ್ರ ಒಂದೇ ಅಂಕದ ಸುತ್ತ ದೊಡ್ಡ ಗುಂಪೇ ಇರುತ್ತದೆ. ಅಲ್ಲಿ ಸ್ವಲ್ಪ ಅಂಕ ಕಡಿಮೆಯಾದರೂ ರ್‍ಯಾಂಕ್ ಜಾಸ್ತಿ ಕೆಳಗಿಳಿಯುತ್ತದೆ. ಆದರೆ ನಿಮ್ಮ ಸೀಟಿನ ಕೊನೆಯ ರ್‍ಯಾಂಕ್ ಇನ್ನೂ ಕೆಳಗಿದ್ದರೆ ಆ ಇಳಿತದಿಂದ ನಷ್ಟವೇನೂ ಇಲ್ಲ. ಸರ್ಕಾರಿ ಕೋಟಾದ ಸೀಟಿಗೆ ಕಾಲೇಜಿನವರು ನಿಮ್ಮ ಅಂಕ ನೋಡಿ ಆರಿಸುವುದಿಲ್ಲ. ರ್‍ಯಾಂಕ್, ಮೀಸಲಾತಿ, ನೀವು ಕೊಟ್ಟ ಆಯ್ಕೆ ನೋಡಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಹಂಚುತ್ತದೆ.

ಆದ್ದರಿಂದ ಹಿಂದಿನ ಎರಡು–ಮೂರು ವರ್ಷಗಳ ಕಟ್ ಆಫ್ ಪಟ್ಟಿ ತೆಗೆಯಿರಿ. ಕಲಬುರಗಿಯ ಪಿಡಿಎ, ಬೀದರಿನ ಗುರುನಾನಕ್ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಿಮ್ಮ ಕೋರ್ಸಿನ ಕೊನೆಯ ಸೀಟು ಯಾವ ರ್‍ಯಾಂಕಿಗೆ ಸಿಕ್ಕಿತ್ತು ಬರೆದುಕೊಳ್ಳಿ. ನಿಮ್ಮ ರ್‍ಯಾಂಕ್ ಆ ಗೆರೆಯ ಹತ್ತಿರವೇ ಇದ್ದರೆ ಒಂದು ಅಂಕವೂ ದೊಡ್ಡದು. ದೂರ ಇದ್ದರೆ ಮೂರು ಅಂಕಕ್ಕಾಗಿ ಒಂದು ವರ್ಷ ಕಳೆದು ಮತ್ತೆ ಬರೆಯುವುದು ಬೇಡ.

ನಮ್ಮ ಭಾಗದವರು ಇಲ್ಲೇ ತಪ್ಪುವುದು: ಸಾಮಾನ್ಯ ಪಟ್ಟಿಯೊಂದನ್ನೇ ನೋಡುತ್ತಾರೆ. ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಹೊರಗಿನ ಕಾಲೇಜುಗಳಲ್ಲಿ ಶೇ 8 ಸೀಟು ನಮ್ಮವರಿಗಿದೆ. ಅದರ ಕಟ್ ಆಫ್ ಬೇರೆ. ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪತ್ರ ಇಲ್ಲದಿದ್ದರೆ ಈ ಲಾಭ ಸಿಗದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿಯನ್ನೂ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಮೀಸಲಾತಿಯನ್ನೂ ಕೇಳಿ. ಮೂರು ಅಂಕದ ಕೊರತೆಯನ್ನು ಎಷ್ಟೋ ಸಲ ಈ ಕಾಗದಗಳೇ ತುಂಬುತ್ತವೆ.

ಆಪ್ಶನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆನ್‌ಲೈನ್‌ನಲ್ಲಿ ಕ್ರಮವಾಗಿ ತುಂಬುವಾಗ, ನಿಮಗೆ ನಿಜವಾಗಿ ಬೇಕಾದದ್ದನ್ನೇ ಮೊದಲು ಹಾಕಿ. ಸಿಗಲಿಕ್ಕಿಲ್ಲ ಅಂತ ಬಿಡಬೇಡಿ, ಮೇಲೆ ಹಾಕಿದ್ದರಿಂದ ಕೆಳಗಿನ ಆಯ್ಕೆಗೆ ಪೆಟ್ಟು ಬೀಳುವುದಿಲ್ಲ. ಸೈಬರ್ ಸೆಂಟರಿನವರಿಗೆ ಬಿಟ್ಟುಬಿಡದೆ ಪಕ್ಕದಲ್ಲೇ ಕೂತು ಕ್ರಮ ನೋಡಿ. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದೆಂದು ತೋರಿಸುವ ಪ್ರಾಯೋಗಿಕ ಪಟ್ಟಿ) ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇರುತ್ತದೆ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಇರಲಿ, ಇನ್ನೂ ಒಳ್ಳೆಯದೂ ಬೇಕು ಅಂದರೆ ಎರಡನೇ ಚಾಯ್ಸ್ ಒತ್ತಿ. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕರೆ ಮಾತ್ರ ಹಳೆಯ ಸೀಟು ತಾನಾಗಿಯೇ ಹೋಗುತ್ತದೆ.