ಕೂಲರ್ ಟಬ್‌ಗೆ ಟಾರ್ ಪೇಂಟ್ ಬಳಿಯುವ ಮೊದಲು

ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಕಲಬುರಗಿಯಲ್ಲಿ ಅಟ್ಟದ ಮೇಲಿನ ಕೂಲರ್ ಕೆಳಗಿಳಿಯುತ್ತದೆ. ಹಿಂದೆಯೇ ಒಂದು ಡಬ್ಬಿ ಟಾರ್ ಪೇಂಟ್ ಬರುತ್ತದೆ. ಕೂಲರ್‌ನಲ್ಲಿ ನೀರು ನಿಲ್ಲುವ ತಗಡಿನ ಟಬ್‌ಗೆ ತುಕ್ಕಿನ ಮೇಲೆಯೇ ಬಳಿದು, ಕರ್ರಗೆ ಮಿಂಚಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನಾನೂ ಎರಡು ವರ್ಷ ಹಾಗೇ ಮಾಡಿದೆ. ಮೂರನೇ ವರ್ಷ ಮೇ ತಿಂಗಳ ಒಂದು ರಾತ್ರಿ ಎದ್ದು ನೋಡಿದರೆ ಫರಸಿ ಮೇಲೆಲ್ಲ ಕೆಂಪು ನೀರು. ಪೇಂಟ್ ಹಪ್ಪಳದ ಹಾಗೆ ಎದ್ದು ಬಂತು, ಅದಕ್ಕೆ ಅಂಟಿಕೊಂಡು ತಗಡಿನ ಚೂರೂ ಬಂತು.

ಮೊದಲು ಪ್ಲಗ್ ಕಿತ್ತು, ಮೋಟರ್, ಪಂಪ್, ಹುಲ್ಲು ಎಲ್ಲ ಹೊರಗೆ ತೆಗೆಯಿರಿ. ನಮ್ಮದು ಸುಣ್ಣದ ಕಲ್ಲಿನ ನೆಲ, ಬೋರ್ ನೀರು ಗಡಸು. ಹಾಗಾಗಿ ಟಬ್ ತಳದಲ್ಲಿ ಬಿಳಿ ಹೆಕ್ಕಳೆ ಕಟ್ಟಿರುತ್ತದೆ. ಅದರ ಅಡಿಯಲ್ಲಿ ತೇವ ನಿಂತು ತಗಡು ಸುಮ್ನೆ ತಿಂದು ಹೋಗುತ್ತಿರುತ್ತದೆ. ಬಿಸಿ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ನೆನೆಸಿದರೆ ಹೆಕ್ಕಳೆ ಬಿಡುತ್ತದೆ. ಆಮೇಲೆ ಸೋಪು ಹಾಕಿ ತೊಳೆದು ಒಣಗಿಸಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ವೈರ್ ಬ್ರಷ್‌ನಿಂದ ಉದುರುವ ತುಕ್ಕನ್ನೆಲ್ಲ ಉದುರಿಸಿ, ಮೂಲೆ ಮತ್ತು ಬೆಸುಗೆಯ ಸಂದುಗಳನ್ನು ಬಿಡಬೇಡಿ, ಸೋರುವುದು ಅಲ್ಲೇ ಅಲ್ವಾ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಹೋದರೆ ತಗಡು ಸತ್ತಿದೆ, ಯಾವ ಕೆಮಿಕಲ್ಲೂ ಅದನ್ನು ಉಳಿಸುವುದಿಲ್ಲ. ಗಟ್ಟಿ ಇದ್ದರೆ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಅನ್ನು ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿ. ಜಾಸ್ತಿ ಸುರಿದರೆ ತಳದಲ್ಲಿ ಜಿಗುಟಾಗಿ ನಿಲ್ಲುತ್ತದೆ, ಪೇಂಟ್ ಕೂರುವುದಿಲ್ಲ. ಕೆಂಪು ತುಕ್ಕು ನಿಧಾನಕ್ಕೆ ಕಪ್ಪಾಗುತ್ತದೆ, ಅಂದರೆ ಕಬ್ಬಿಣದ ಫಾಸ್ಫೇಟ್ ಆಗಿ ಗಟ್ಟಿಯಾಗುತ್ತಿದೆ. ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಡಿ, ಅವಸರ ಬೇಡ. ಇನ್ನೂ ಕೆಂಪಗೆ ಉಳಿದ ಜಾಗಕ್ಕೆ ಮತ್ತೊಮ್ಮೆ ಹಚ್ಚಿ.

ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರೆ ಐದೇ ನಿಮಿಷಕ್ಕೆ ಬೆಳ್ಳಗಾಗುತ್ತದೆ ಅಂತ ಹೇಳುವವರು ಎಲ್ಲ ಓಣಿಯಲ್ಲೂ ಇದ್ದಾರೆ. ಆಗುತ್ತದೆ, ನಿಜ. ಆದರೆ ಅದು ಜಿಐ ತಗಡಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನ, ಸತುವನ್ನೂ ತಿನ್ನುತ್ತದೆ. ಗುಳಿಗಳಲ್ಲಿ ಆ ಆಸಿಡ್‌ನ ಕ್ಲೋರೈಡ್ ಉಪ್ಪು ಉಳಿದು ಬೆಳಗಾಗುವುದರೊಳಗೆ ಮತ್ತೆ ತುಕ್ಕು. ಅದರ ಜೊತೆ ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ, ವಿಷದ ಗಾಳಿ ಏಳುತ್ತದೆ.

ಒಂದು ಕೋಟ್ ಪ್ರೈಮರ್, ಎರಡು ಕೋಟ್ ಟಾರ್ ಪೇಂಟ್, ನಡುವೆ ಪೂರ್ತಿ ಒಣಗಲು ಬಿಡಿ. ಹೆಸರೇ ಇಲ್ಲದ ಡಬ್ಬಿಯಲ್ಲಿ ತೂಕದ ಮೇಲೆ ಮಾರುವ ಕಪ್ಪು ಪೇಂಟ್ ತರಬೇಡಿ, ನಮ್ಮ ಬಿಸಿಲಿಗೂ ಅದು ಒಣಗಲಿಲ್ಲ, ಬೆರಳಿಗೆ ಅಂಟುತ್ತಲೇ ಇತ್ತು.

ಇಷ್ಟೆಲ್ಲ ಮಾಡಿ ನೀರನ್ನು ಮರೆತರೆ ಕೆಟ್ಟಿತು. ಆರಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ನೀರಿನ ಟಿಡಿಎಸ್, ಅಂದರೆ ಕರಗಿದ ಉಪ್ಪಿನ ಅಳತೆ, 1000 ಇದ್ದರೆ ಲೀಟರಿಗೆ 1 ಗ್ರಾಂ. ದಿನಕ್ಕೆ 50 ಲೀಟರ್ ಆರಿತು ಅನ್ನಿ, 20 ದಿನಕ್ಕೆ ಹುಲ್ಲು ಮತ್ತು ಟಬ್‌ನಲ್ಲಿ ಸೇರಿ 1 ಕಿಲೋ! ಅದಕ್ಕೇ ಮೇಲೆ ಮೇಲೆ ನೀರು ತುಂಬುತ್ತಾ ಹೋಗದೆ ದಿನವೂ ಬೆಳಿಗ್ಗೆ ಬಿರಡೆ ತೆಗೆದು ಹಳೇ ನೀರು ಪೂರ್ತಿ ಬಿಟ್ಟುಬಿಡಿ. ಆ ನೀರಲ್ಲಿ ಅಂಗಳ ತೊಳೆಯಿರಿ, ಕರಿಬೇವಿನ ಗಿಡಕ್ಕೆ ಮಾತ್ರ ಹಾಕಬೇಡಿ.